ಖಾಲಿ ಹಾಳೆಯ ಮೂರು ಸಹಿ

ರಾತ್ರಿ ಹನ್ನೊಂದರ ಮೇಲೆ ಸಾನಪಾಡಾದ ಆ ಮನೆಯಲ್ಲಿ ಟಕ್ ಎಂದು ಒಂದು ಸದ್ದಾಯಿತು. ನಳಿನಾಕ್ಷಿ ತನ್ನ ಪೋಲಿಯೊ ಕಾಲಿಗೆ ಆಸರೆಯಾದ ಕಬ್ಬಿಣದ ಕ್ಯಾಲಿಪರ್ ಬಿಚ್ಚಿದ್ದಳು. ಕತ್ತಲಲ್ಲೇ ಅಮ್ಮ ಕೇಳಿದರು: "ನಾಳೆ ಇಂಟರ್‌ವ್ಯೂ ಮಾಡಲಿಕ್ಕೆ ಆ ರಮಾಕಾಂತನೇ ಕೂತುಕೊಳ್ಳುವುದಾ? ನೀನು ಸುಮ್ಮನಿರು ಮಾರಾಯ್ತಿ. ಇರುವ ಕೆಲಸ ಕಳಕೊಳ್ಳಬೇಡ."

ಅವಳು ಹೂಂ ಎಂದಳು, ಆದರೆ ನಿದ್ದೆ ಬರಲಿಲ್ಲ. ಒಂಬತ್ತು ವರ್ಷದ ಹಿಂದೆ, ಠಾಣೆ ಶಹರದ ವಿಶ್ವವಿದ್ಯಾಲಯದಲ್ಲಿ ಅಂಗವಿಕಲರಿಗೆ ಮೀಸಲಾದ ಉಪನ್ಯಾಸಕ ಹುದ್ದೆಗೆ ಅವಳೂ ಸಂದರ್ಶನಕ್ಕೆ ಹೋಗಿದ್ದಳು. ಪ್ರೊಫೆಸರ್ ರಮಾಕಾಂತ ಅವಳ ಊರಿನ ಕಡೆಯವರೇ. ಪಾಠದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, ಮೂರನೇ ಮಹಡಿಗೆ ಹೇಗೆ ಹತ್ತುತ್ತೀರಿ ಎಂದು ಕೇಳಿ ನಕ್ಕಿದ್ದರು. 'ಯೋಗ್ಯ ಅಭ್ಯರ್ಥಿ ದೊರೆಯಲಿಲ್ಲ' ಎಂದು ನಡಾವಳಿಯಲ್ಲಿ ಬರೆಸಿದ್ದರು. ಮರುವರ್ಷ ಅದೇ ವಿಭಾಗದ ಕಚೇರಿಗೆ ಗುಮಾಸ್ತೆಯಾಗಿ ಸೇರಿದ ನಳಿನಾಕ್ಷಿ ದಿನಾ ಅವರಿಗೆ ನಮಸ್ಕಾರ ಹೇಳುತ್ತ ಸಮಯ ಕಾದಿದ್ದಳು.

ಹುದ್ದೆ ಈಗಲೂ ಖಾಲಿಯೇ ಇತ್ತು. ಈ ಸಲವೂ ಯಾರೂ ಸಿಗದಿದ್ದರೆ ಅದು ಮೀಸಲಿನಿಂದ ಕೈತಪ್ಪುತ್ತಿತ್ತು.

ಮರುದಿನ ಬಂದವಳು ಮಾನಸಿ. ಎರಡೂ ಕಣ್ಣು ಕಾಣದು. ಹಿಂದಿನ ಬೆಂಚಿನವರು ಮೊಬೈಲ್ ಒತ್ತುತ್ತ ಕೂತರೆ ನಿಮಗೆ ಹೇಗೆ ಗೊತ್ತಾಗಬೇಕು ಎಂದು ರಮಾಕಾಂತರು ಕೆಣಕಿದರು. ಸರ್, ನೀವೀಗ ಒತ್ತುತ್ತಿರುವುದು ಕೇಳಿಸುತ್ತಿದೆಯಲ್ಲ ಎಂದಳು ಹುಡುಗಿ. ಉಳಿದಿಬ್ಬರು ಸದಸ್ಯರು ನಗು ತಡೆದುಕೊಂಡು ಕೈತುಂಬ ಅಂಕ ಕೊಟ್ಟರು. ರಮಾಕಾಂತರು ನೂರಕ್ಕೆ ಮೂವತ್ತರಲ್ಲಿ ನಿಲ್ಲಿಸಿದರೂ ಒಟ್ಟು ಅಂಕದಲ್ಲಿ ಅವಳು ಆಯ್ಕೆಯ ಗಡಿ ದಾಟಿದ್ದಳು.

ಕಲ್ಯಾಣಕ್ಕೆ ಹೋಗುವ ಫಾಸ್ಟ್ ಲೋಕಲ್ ರೈಲು ತಪ್ಪಬಾರದೆಂದು, ಚಹಾದ ಹೊತ್ತಿಗೇ ಮೂವರೂ ನಡಾವಳಿಯ ಖಾಲಿ ಹಾಳೆಗೆ ಸಹಿ ಹಾಕಿ ಏಳುವುದು ಅಲ್ಲಿಯ ರೂಢಿ. ಸಹಿಯ ಮೇಲಿನದನ್ನು ಆಮೇಲೆ ಗುಮಾಸ್ತೆ ಟೈಪ್ ಮಾಡಬೇಕು. ಎಲ್ಲರಿಗಿಂತ ಕೊನೆಗೆ ಹೊರಟ ರಮಾಕಾಂತರು ನಳಿನಾಕ್ಷಿಯ ಮೇಜಿನ ಬಳಿ ನಿಂತರು.

"ಅದೇ ಹಳೇ ವಾಕ್ಯ ಹಾಕಿಬಿಡಿ ನಳಿನಾಕ್ಷಿ. ನಿಮಗದು ಬಾಯಿಪಾಠ ಇರಬೇಕಲ್ಲ?"

"ಹೌದು ಸರ್, ಬಾಯಿಪಾಠ ಉಂಟು."

ಅವಳು ಬಾಗಿಲು ಹಾಕಿಕೊಂಡಳು. ಮೂವರ ಅಂಕಗಳನ್ನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದಳು. ಕೆಳಗೆ, ಮಾನಸಿ ಆಯ್ಕೆಯಾಗಿದ್ದಾಳೆ ಎಂದು ಸೇರಿಸಿದಳು. ಅವರವರ ಕೈಬರಹದ ಅಂಕಪಟ್ಟಿಗಳನ್ನು ಜೊತೆಗಿಟ್ಟು, ಐದಕ್ಕೆ ಮೊದಲೇ ಕುಲಸಚಿವರ ಕಚೇರಿಗೆ ಮುಟ್ಟಿಸಿದಳು.

ಹತ್ತು ದಿನಕ್ಕೆ ನೇಮಕದ ಆದೇಶ ಬಂತು. ರಮಾಕಾಂತರು ಬಂದರು, ಮುಖ ಕೆಂಪಾಗಿತ್ತು.

"ನಡಾವಳಿಯಲ್ಲಿ ಇದನ್ನು ಯಾರು ಬರೆದದ್ದು?"

"ಕೆಳಗೆ ನಿಮ್ಮ ಸಹಿಯೇ ಉಂಟಲ್ಲ ಸರ್. ಖಾಲಿ ಹಾಳೆಗೆ ಸಹಿ ಹಾಕಿದ್ದೆ ಅಂತ ಒಂದು ಕಾಗದ ಬರೆದುಕೊಡಿ. ಈಗಲೇ ನಡಾವಳಿ ವಾಪಸ್ ತರಿಸುತ್ತೇನೆ."

ಅವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ನಳಿನಾಕ್ಷಿ ಕಣ್ಣು ಕೆಳಗಿಳಿಸದೆ ನೋಡಿದಳು. ಇಷ್ಟು ವರ್ಷ ಬೇಕಾಗಿದ್ದದ್ದು ಇದೇ, ಈ ಮಾತಿಲ್ಲದ ಬಾಯಿ. ಅವರು ತಿರುಗಿ ಹೊರಟಾಗ, ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದಿತ್ತೇ ಅನಿಸಿತು.

ಸೋಮವಾರ ಕೆಲಸಕ್ಕೆ ಹಾಜರಾಗಲು ಬಂದ ಮಾನಸಿ, ಹಾಜರಿ ಕಾಗದಕ್ಕೆ ಸಹಿ ಮಾಡುತ್ತ, ತಾನು ನಿಜವಾಗಿ ಅಂಕದಿಂದಲೇ ಗೆದ್ದೆನಾ, ಯಾರಾದರೂ ಕನಿಕರಪಟ್ಟರಾ ಎಂದು ಮೆಲ್ಲಗೆ ಕೇಳಿದಳು.

"ಅಂಕದಿಂದಲೇ," ಎಂದಳು ನಳಿನಾಕ್ಷಿ.

ಉಳಿದದ್ದನ್ನು ಹೇಳಿದರೆ, ಈ ಹುಡುಗಿ ತನ್ನದೇ ಕುರ್ಚಿಯಲ್ಲಿ ಜೀವಮಾನವಿಡೀ ಇನ್ನೊಬ್ಬರ ಋಣದಲ್ಲಿ ಕೂತ ಹಾಗೆ. ಇವಳಿಗೂ ಬೇಡ, ಅಮ್ಮನಿಗೂ ಬೇಡ, ಯಾರಿಗೂ ಹೇಳುವುದು ಬೇಡ ಎಂದು ಅವಳು ಆಗಲೇ ತೀರ್ಮಾನಿಸಿದಳು.