ಮೇಜಿನ ಮೇಲೆ ಮೂರು ತಟ್ಟು

ಅಣ್ಣ ಹೋದ ಸುಳಿವು ಆಕೆಗೆ ಸಿಕ್ಕಿದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಫೋನು ಮಾಡಿದವರು ಧ್ವನಿ ಪುಸ್ತಕಾಲಯದ ಮೇಲ್ವಿಚಾರಕಿ. "ನಿಮ್ಮಣ್ಣ ಇವತ್ತು ಓದೋಕೆ ಬಂದಿಲ್ಲಮ್ಮ. ಹತ್ತು ಗಂಟೆ ಅಂದ್ರೆ ಹತ್ತು ಗಂಟೆ ಅನ್ನೋ ಮನುಷ್ಯ. ಸ್ವಲ್ಪ ಹೋಗಿ ನೋಡ್ತೀರಾ?" ಆಕೆ ಹೋಗಿ ನೋಡಿದಾಗ ಅಣ್ಣ ಕುರ್ಚಿಯಲ್ಲೇ ಒರಗಿದ್ದ. ಅಂದು ಓದಬೇಕಿದ್ದ ಪುಸ್ತಕ ತೊಡೆಯ ಮೇಲಿತ್ತು. ದೇವರು ಅವನನ್ನು ನೋಯಿಸದೆ ಕರೆದುಕೊಂಡಿದ್ದ.

ಕಣ್ಣು ಕಾಣದವರಿಗಾಗಿ ಅಣ್ಣ ಹದಿನೆಂಟು ವರ್ಷ ಗಟ್ಟಿಯಾಗಿ ಓದಿ, ಆರು ನೂರು ಪುಸ್ತಕಗಳನ್ನು ಧ್ವನಿಮುದ್ರಣ ಮಾಡಿದ್ದ. ಆದರೆ ಕಂಪ್ಯೂಟರಿನಲ್ಲಿ ಒಂದೊಂದು ಫೈಲಿಗೂ ಇದ್ದ ಹೆಸರು ಬರೀ ತಾರೀಖು. ಯಾವುದು ಎಲ್ಲಿದೆಯೆಂದು ಬಲ್ಲವನು ಅವನೊಬ್ಬನೇ. ಕೇಳುಗರು ಫೋನು ಮಾಡಿದರೆ ಅವನೇ ಹುಡುಕಿ ಹಾಕುತ್ತಿದ್ದ. ಈಗ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಪುಸ್ತಕಗಳಿಗೆ ಬಾಯಿಲ್ಲ. ದಾರಿ ಕಾಣದಿದ್ದರೆ ಅವನು ಓದಿದ್ದೆಲ್ಲ ಮಣ್ಣುಪಾಲು.

ಆಕೆ ಪ್ರೋಗ್ರಾಮ್ ಬರೆಯುವವಳು; ಪುಸ್ತಕ ಹುಡುಕಿಕೊಡುವ ಏರ್ಪಾಟನ್ನು ತಾನೇ ಮಾಡುತ್ತೇನೆಂದಳು. ತೆರೆಯ ಮೇಲಿನ ಗುಂಡಿ, ಪಟ್ಟಿ, ಬಣ್ಣಗಳ ಕೆಲಸವೆಂದರೆ ಆಕೆಗೆ ಮಾರು ದೂರ. ಮೂವತ್ತು ವರ್ಷ ಆ ಗೊಡವೆಯಿಲ್ಲದ ಕೆಲಸಗಳನ್ನೇ ಆರಿಸಿಕೊಂಡು ಬಂದಿದ್ದಳು. ಆದರೂ ಇದು ಅಣ್ಣನ ಹೆಸರಿನ ಕೆಲಸ, ಚೆಂದವಾಗಿರಬೇಕೆಂದು ಹಟ ಹಿಡಿದು ಒಂದು ವಾರ ಗುಂಡಿಗಳನ್ನು ಜೋಡಿಸಿದಳು. ಒಂದನ್ನು ಸರಿಸಿದರೆ ಇನ್ನೊಂದು ಓಡಿಹೋಗುತ್ತಿತ್ತು. ಸಾಕಾಗಿ, ಲ್ಯಾಪ್‌ಟಾಪ್ ಹೊತ್ತು ಮೇಲ್ವಿಚಾರಕಿಯ ಮುಂದೆ ಕೂತಳು.

"ಹುಡುಕೋ ಗುಂಡಿ ನೀಲಿ ಇರಲೋ, ಹಸಿರು ಇರಲೋ?"

ಹುಟ್ಟಿನಿಂದ ಕಣ್ಣಿಲ್ಲದ ಮೇಲ್ವಿಚಾರಕಿ ಗಂಭೀರವಾಗಿ ತಲೆಯಾಡಿಸಿದರು. "ಹಸಿರೇ ಇರಲಿ ಬಿಡಿ. ನೀಲಿ ನನ್ನ ಕಣ್ಣಿಗೆ ಚುಚ್ಚುತ್ತೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

"ಅಲ್ಲಮ್ಮ, ನೋಡೋರೇ ಇಲ್ದಿರೋ ಕಡೆ ಅಲಂಕಾರ ಯಾಕೆ? ನಮ್ಮೋರು ಫೋನ್ ಮಾಡಿ ಪುಸ್ತಕದ ಹೆಸರು ಹೇಳ್ಬೇಕು, ನಿಮ್ಮಣ್ಣ ಓದ್ಬೇಕು. ಅಷ್ಟೇ."

ಆಕೆ ಗುಂಡಿಗಳನ್ನೆಲ್ಲ ಅಲ್ಲೇ ಅಳಿಸಿ, ಬರೀ ಅಕ್ಷರಗಳ ಕಪ್ಪು ತೆರೆಗೆ ಮರಳಿದಳು. ಮೂರು ಸಣ್ಣ ಸಲಕರಣೆಗಳನ್ನು ಆರಿಸಿಕೊಂಡಳು. ಒಂದು ಧ್ವನಿಯನ್ನು ಕತ್ತರಿಸುತ್ತದೆ, ಒಂದು ಮಾತನ್ನು ಅಕ್ಷರಕ್ಕಿಳಿಸುತ್ತದೆ, ಮತ್ತೊಂದು ಫೋನಿಗೆ ಉತ್ತರ ಕೊಡುತ್ತದೆ. ಯಾವುದಕ್ಕೂ ಮುಖವಿಲ್ಲ, ತನ್ನ ಕೆಲಸ ಮುಗಿಸಿ ಇನ್ನೊಂದರ ಕೈಗಿಟ್ಟು ಸುಮ್ಮನಾಗುವಂಥವು.

ಅಣ್ಣನಿಗೊಂದು ಪದ್ಧತಿಯಿತ್ತು. ಪ್ರತಿ ಅಧ್ಯಾಯಕ್ಕೆ ಮೊದಲು ಮೇಜನ್ನು ಮೂರು ಸಲ ತಟ್ಟಿ, ಪುಸ್ತಕದ ಹೆಸರು, ಅಧ್ಯಾಯದ ಸಂಖ್ಯೆ ಹೇಳಿಯೇ ಓದಲು ತೊಡಗುತ್ತಿದ್ದ. ತಟ್ಟಿದ ಕಡೆ ಕತ್ತರಿಸು, ಮುಂದಿನ ಮಾತನ್ನು ಬರೆದುಕೋ ಎಂದು ಆಕೆ ಯಂತ್ರಕ್ಕೆ ಅಪ್ಪಣೆ ಕೊಟ್ಟಳು. ಹನ್ನೆರಡು ಅಧ್ಯಾಯದ ಪುಸ್ತಕದಲ್ಲಿ ಐವತ್ತೊಂದು ಅಧ್ಯಾಯ ಬಂದವು!

ಕಿವಿಗೊಟ್ಟು ಕೇಳಿದಳು. ತಮಾಷೆ ಬಂದ ಕಡೆಯಲ್ಲೆಲ್ಲ ಅಣ್ಣ ನಗು ತಡೆಯಲಾರದೆ ಮೇಜು ಗುದ್ದಿದ್ದ.

"ನೋಡಿ ಇವನ್ನ! ಊರಿಗೆ ಓದ್ತೀನಿ ಅಂತ ಕೂತು ತಾನೇ ಮಜಾ ತಗೊಂಡಿದಾನೆ," ಎಂದಳು ಆಕೆ, ಕಣ್ಣೊರೆಸಿಕೊಳ್ಳುತ್ತ.

"ಆ ಗುದ್ದು ಮಾತ್ರ ತೆಗೀಬೇಡಿ. ನಾವು ನಗೋದೇ ಅದನ್ನ ಕೇಳಿ."

ಸಮ ಅಂತರದ ಮೂರು ತಟ್ಟು, ಬೆನ್ನಿಗೇ ಅರೆಗಳಿಗೆಯ ಮೌನ. ಇಷ್ಟಿದ್ದರೆ ಮಾತ್ರ ಅಧ್ಯಾಯ. ಒಂದು ಸಾಲು ತಿದ್ದಿ ಮತ್ತೆ ಓಡಿಸಿದಳು. ಹನ್ನೆರಡು! ಕರಾರುವಾಕ್ಕಾಗಿ ಹನ್ನೆರಡು! ಉಳಿದ ಪುಸ್ತಕಗಳನ್ನೂ ಯಂತ್ರಕ್ಕೆ ಕೊಟ್ಟಳು. ಹೆಸರುಗಳು ಸಾಲುಗಟ್ಟಿ ಇಳಿಯತೊಡಗಿದವು. ಆಕೆ ಒಂದೊಂದನ್ನೇ ಕೂಗಿ ಹೇಳಿದಂತೆಲ್ಲ ಮೇಲ್ವಿಚಾರಕಿ ಕುರ್ಚಿ ಬಿಟ್ಟೆದ್ದು, "ಅದೂ ಸಿಕ್ತಾ? ಅಯ್ಯೋ, ಅದೂ ಸಿಕ್ತಾ?" ಎಂದು ಚಪ್ಪಾಳೆ ತಟ್ಟಿದರು.

ಶುಕ್ರವಾರ ಮಧ್ಯಾಹ್ನ ಹೊಸ ಏರ್ಪಾಟಿಗೆ ಮೊದಲ ಕರೆ ಬಂತು. ಕಣ್ಣು ಕಳೆದುಕೊಂಡ ಮುದುಕ ದರ್ಜಿಯೊಬ್ಬರು ಕಾದಂಬರಿಯೊಂದರ ಹೆಸರು ಹೇಳಿ, "ಒಂಬತ್ತನೇ ಅಧ್ಯಾಯ" ಎಂದರು. ಹೆಂಗಸರಿಬ್ಬರೂ ಉಸಿರು ಬಿಗಿಹಿಡಿದು ಫೋನಿಗೆ ಕಿವಿಯಿಟ್ಟರು. ಒಂದು, ಎರಡು, ಮೂರು ಕ್ಷಣ. ಅಣ್ಣನ ದನಿ ಶಾಂತವಾಗಿ ಓದಲು ತೊಡಗಿತು.

"ಬಂದ್ರಾ ಯಜಮಾನ್ರೇ! ತಿಂಗಳಿಂದ ಎಲ್ಲಿಗ್ರೀ ಹೋಗಿದ್ರಿ?" ಎಂದು ದರ್ಜಿ ಆ ಕಡೆಯಿಂದ ಸಂಭ್ರಮದಿಂದ ಗದರಿದರು.

ಆಕೆ ಕಣ್ಣು ಮುಚ್ಚಿ ಕೈ ಮುಗಿದಳು. ದೇವರೇ, ಇನ್ನೊಬ್ಬರಿಗಾಗಿ ಓದಿ ಓದಿ ದಣಿದ ಜೀವ ಇದು. ನಿನ್ನ ಪಾದದ ನೆರಳಿನಲ್ಲಿ ಅವನಿಗೆ ನೆಮ್ಮದಿ ಕೊಡು.