ಮೂರನೆಯ ಸಾಲು, ಹನ್ನೊಂದನೆಯ ಕಲ್ಲು

ನಮ್ಮ ತಾರಸಿಯಲ್ಲಿ ಬಟ್ಟೆ ಹರವಲು ನಿಂತರೆ ಆ ಸಮಾಧಿಯ ಗುಮ್ಮಟ ಕಾಣುತ್ತದೆ. ಎರಡು ಬಸ್ಸು ಬದಲಿಸಿದರೆ ಅದರ ಬಾಗಿಲಲ್ಲೇ ಇಳಿಯಬಹುದು. ಎಲ್ಲೆಲ್ಲಿಂದಲೋ ಜನ ಬಂದು ನೋಡಿಕೊಂಡು ಹೋಗುವ ಕಟ್ಟಡವನ್ನು ನಾನು ಮಾತ್ರ ಮೂವತ್ತೊಂದು ವರ್ಷ ಒದ್ದೆ ಬಟ್ಟೆಗಳ ಸಂದಿಯಿಂದಲೇ ನೋಡಿದೆ. ನನ್ನ ಗಂಡ ಕಲ್ಲುಕೆಲಸದವರು. ಅದರ ದುರಸ್ತಿಯಲ್ಲಿ ಎರಡು ವರ್ಷ ದುಡಿದವರು. ಆದರೂ ಕರೆದುಕೊಂಡು ಹೋಗಿ ಎಂದಾಗಲೆಲ್ಲ ಅವರಿಗೊಂದು ನೆಪ. ಸೊಂಟ ನೋವು, ಬಿಸಿಲು, ಇಲ್ಲವೇ ಕೆಲಸ.

ಹೋದ ತಿಂಗಳು ಅವರು ಉಳಿ ಸುತ್ತಿಗೆ ಕೆಳಗಿಟ್ಟರು. ಕೈ ನಡುಗಲು ಶುರುವಾಗಿತ್ತು. ಇನ್ನು ಕೆಲಸದ ನೆಪ ನಡೆಯುವುದಿಲ್ಲವೆಂದು ನಾನು ಪಟ್ಟು ಹಿಡಿದೆ. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಗೆ ಮುಖ ಮಾಡಿ ಕೂತವರು, ಟಿಕೆಟಿನ ಸಾಲಿನಲ್ಲಿ ನಿಂತಾಗ ಬಾಯಿ ಬಿಟ್ಟರು.

"ಅಲ್ಲಿ ಒಂದು ಕಲ್ಲು ತಪ್ಪಾಗಿ ಕೂರಿಸಿದೀನಿ ಕಣೇ."

"ಒಂದು ಕಲ್ಲಾ? ಅದಕ್ಕಾ ಇಷ್ಟು ವರ್ಷ ನನ್ನನ್ನ ಸತಾಯಿಸಿದ್ದು?"

"ಗಣಿಯಲ್ಲಿ ಕಲ್ಲು ಹೇಗೆ ಮಲಗಿರುತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು. ಅದರೊಳಗಿನ ಪದರ ಮಲಗದೆ ನೆಟ್ಟಗೆ ನಿಂತ್ಕೊಂಡ್ರೆ ಮಳೆ ಬಿಸಿಲಿಗೆ ಈರುಳ್ಳಿ ಸಿಪ್ಪೆ ಥರ ಏಳುತ್ತೆ. ಅವತ್ತು ಮೇಸ್ತ್ರಿ ಅವಸರ ಮಾಡ್ತಿದ್ದ. ಸಂಜೆ ನೋಡಿದ್ರೆ ಒಂದು ಕಲ್ಲನ್ನ ಹಾಗೆ ನಿಲ್ಲಿಸಿಬಿಟ್ಟಿದೀನಿ. ಗಾರೆ ಬಿಗಿದಿತ್ತು. ಯಾರಿಗೂ ಹೇಳಲಿಲ್ಲ." ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು, "ಅದು ಎದ್ದಿದ್ರೆ, ನಾನು ಇಷ್ಟು ವರ್ಷ ಮಾಡಿದ್ದು ಎಂಥ ಕೆಲಸ ಹೇಳು," ಎಂದರು.

ನಾನು ಎರಡು ಟಿಕೆಟ್ ತೆಗೆದುಕೊಂಡು ಅವರ ಕೈ ಹಿಡಿದೆ.

ಒಳಗೆ ಕಾಲಿಟ್ಟೆವು. ಹೊರಗಿನ ಗದ್ದಲವೆಲ್ಲ ಹೊಸ್ತಿಲಲ್ಲೇ ನಿಂತಿತು. ನಡುವೆ ದೊರೆಯ ಗೋರಿ, ನಮ್ಮ ಮನೆಯ ಮಂಚಕ್ಕಿಂತ ದೊಡ್ಡದೇನಲ್ಲ. ಆದರೆ ಅದರ ಮೇಲೆ ಕತ್ತೆತ್ತಿದರೆ ಎತ್ತರ ಮುಗಿಯುವುದೇ ಇಲ್ಲ. ಕಂಬವಿಲ್ಲ, ತೊಲೆಯಿಲ್ಲ, ಅಷ್ಟು ಮೇಲೆ ಕಲ್ಲಿಗೆ ಕಲ್ಲು ಒರಗಿ ನಿಂತಿವೆ. ನಾನು ಸಣ್ಣಗೆ ಕೆಮ್ಮಿದೆ. ಆ ಕೆಮ್ಮು ಮೇಲಕ್ಕೆ ಹೋಗಿ, ಸುತ್ತಾಡಿ, ಬಹಳ ಹೊತ್ತಿನ ಮೇಲೆ ಯಾರೋ ದೊಡ್ಡವರ ಕೆಮ್ಮಾಗಿ ಇಳಿದು ಬಂತು. ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಈಗಲೂ ಗೊತ್ತಿಲ್ಲ. ಇವರ ಕೈಯಲ್ಲಿ ಇಷ್ಟು ವರ್ಷ ಆಗದ್ದನ್ನು ಆ ಗುಮ್ಮಟ ಮಾಡಿತು. ನನ್ನ ಬಾಯಿ ಮುಚ್ಚಿಸಿತು.

ತಿರುಗಿ ನೋಡಿದರೆ ಪಕ್ಕದಲ್ಲಿ ಇವರಿಲ್ಲ.

ಹೊರಗೆ ಹಿಂಬದಿಯ ಗೋಡೆಯ ಹತ್ತಿರ, ಯಾರೂ ಫೋಟೊ ತೆಗೆಯದ ಕಡೆ, ಬೆರಳು ಮಾಡಿ ಎಣಿಸುತ್ತಾ ನಿಂತಿದ್ದರು. ಕೆಳಗಿನಿಂದ ಮೂರನೆಯ ಸಾಲು, ಮೂಲೆಯಿಂದ ಹನ್ನೊಂದನೆಯ ಕಲ್ಲು. ಎಣಿಸುವ ಅಗತ್ಯವೇ ಇರಲಿಲ್ಲ. ಅದರ ಮುಖದಿಂದ ಅಂಗೈಯಗಲದ ಪದರ ಕಳಚಿ ಬಿದ್ದಿತ್ತು.

"ನೋಡು," ಎಂದರು. ಕಳಚಿದ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಆ ಮೇಸ್ತ್ರಿಯ ಮೇಲೆ ಸಿಟ್ಟು ಬಂತು. ಇವರ ಮುಖ ನೋಡಲಾರದೆ ಗೋಡೆಯನ್ನೇ ನೋಡುತ್ತಾ ನಾಲ್ಕು ಹೆಜ್ಜೆ ಮುಂದೆ ಹೋದೆ.

"ರೀ, ಇಲ್ಲಿ ಬನ್ನಿ. ಇದನ್ನೂ ನೀವೇ ಇಟ್ರಾ?"

ಅಲ್ಲೊಂದು ಕಲ್ಲು, ಕಪ್ಪಗೆ ಹಳತಾದದ್ದು, ಇವರದ್ದಕ್ಕಿಂತ ಆಳವಾಗಿ ಪದರ ಪದರ ಎದ್ದಿತ್ತು. ಇವರು ಮಂಡಿಯೂರಿದರು. ಕನ್ನಡಕ ಹಣೆಗೇರಿಸಿ, ಮುಟ್ಟಬಾರದೆಂಬ ಫಲಕದ ಕೆಳಗೇ ಅಂಚನ್ನು ಬೆರಳಿನಿಂದ ಸವರಿದರು. ಉಳಿಯ ಗುರುತು, ಸಂದಿನ ಗಾರೆ, ಎಲ್ಲ ನೋಡಿದರು.

"ಆಗ ಇದಕ್ಕೆ ಸುಣ್ಣ ಮೆತ್ತಿದ್ರು, ಕಾಣ್ತಿರ್ಲಿಲ್ಲ. ಇದು ದುರಸ್ತಿ ಕಲ್ಲಲ್ಲ ಕಣೇ. ಮೊದಲು ಕಟ್ಟಿದವರೇ ಇಟ್ಟಿದ್ದು. ಪದರ ನಿಂತಿದೆ." ಅವರ ದನಿ ಇಳಿಯಿತು. "ನಾಲ್ಕುನೂರು ವರ್ಷ ಆಯ್ತಲ್ಲೇ."

ತಲೆಯೆತ್ತಿದರು. ಆ ಕಲ್ಲಿನ ಮೇಲೆ ಸಾಲು ಸಾಲು ಗೋಡೆ, ಗೋಡೆಯ ಮೇಲೆ ಅಷ್ಟು ದೊಡ್ಡ ಗುಮ್ಮಟ. ನಾನೂ ನೋಡಿದೆ. ಒಂದೂ ಅಲುಗಿರಲಿಲ್ಲ.

ಬಾಗಿಲ ಬಳಿಯ ಫಲಕದಲ್ಲಿ ದೊರೆಯ ಹೆಸರಿದೆ, ಅವನ ಅಪ್ಪ, ಅಜ್ಜನ ಹೆಸರಿದೆ. ಈ ಕಲ್ಲಿಟ್ಟವನದ್ದು ಎಲ್ಲೂ ಇಲ್ಲ. ಇವರು ಅಂಗೈಯನ್ನು ಅದರ ಮೇಲೆ ಪೂರ್ತಿ ಊರಿ ಮೆಲ್ಲಗೆ ಕೇಳಿದರು.

"ಏನಪ್ಪಾ, ನಿನ್ನ ಮೇಸ್ತ್ರಿನೂ ಅವಸರ ಮಾಡ್ತಿದ್ನಾ?"

ಕಾವಲಿನವನು ಸೀಟಿ ಊದುತ್ತಾ ಓಡಿ ಬಂದ. ನಾನು ಅಡ್ಡ ನಿಂತೆ.

"ಸ್ವಲ್ಪ ತಡಿಯಪ್ಪ," ಎಂದೆ. "ಅವರ ಕಡೆಯವರು ಸಿಕ್ಕಿದಾರೆ."