ಬ್ಯಾರನ್ನಿನಲ್ಲಿ ತಿರುಚಿದ ರೆಕ್ಕೆ

ರಾವಂದೂರಿನ ಚನ್ನಬಸವಣ್ಣನವರು ಹೊಗೆಸೊಪ್ಪು ಹದಮಾಡುವುದರಲ್ಲಿ ಎತ್ತಿದ ಕೈ. ಸೊಪ್ಪನ್ನು ಬಿಸಿಯೇರಿಸಿ ಒಣಗಿಸುವ ಮನೆ, ಬ್ಯಾರನ್ನಿನ ಬಾಗಿಲ ಸಂದಿಗೆ ಮೂಗಿಟ್ಟೇ ಒಳಗಿನ ಎಲೆ ಯಾವ ಬಣ್ಣಕ್ಕೆ ತಿರುಗಿದೆಯೆಂದು ಹೇಳಬಲ್ಲವರು. ಅಂಥವರು ಭಾನುವಾರ ಸಂಜೆ, ತಮ್ಮನ ಮಗಳು ರೂಪಶ್ರೀ ಕಾಲೇಜಿನ ಸ್ಪರ್ಧೆಗೆಂದು ಹಗುರ ಮರದ ಕಡ್ಡಿಗಳಿಂದ ಕಟ್ಟಿದ ಪುಟ್ಟ ವಿಮಾನವನ್ನು ಹಾರಿಸುತ್ತಿದ್ದಾಗ, ತಾವೇ ಹಾರಿಸಲೆಂದು ನೆರೆದವರೆದುರು ರಿಮೋಟನ್ನು ಅವಳ ಕೈಯಿಂದ ಕಿತ್ತುಕೊಂಡರು. ವಿಮಾನ ಬ್ಯಾರನ್ನಿನ ಗೋಡೆಗೆ ಬಡಿದು ರೆಕ್ಕೆ ಮುರಿದುಕೊಂಡಿತು.

“ಯಂತ್ರನೇ ಸರಿಯಿಲ್ಲ ಕಣಮ್ಮ,” ಎಂದುಬಿಟ್ಟರು.

ಅವಳು ಚೂರುಗಳನ್ನು ಆಯ್ದು ತಂದು, ಜಗಲಿಯಲ್ಲಿ ಕುಳಿತು ಅಂಟುಹಾಕಿ, “ಬೆಳಗ್ಗೆವರೆಗೂ ಯಾರೂ ಮುಟ್ಬೇಡಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಆಡಿದ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಅಂಟಾದರೂ ಬೇಗ ಒಣಗಲೆಂದು, ಅಂದೇ ಹಸಿಸೊಪ್ಪು ಏರಿಸಿದ್ದ ಬ್ಯಾರನ್ನಿನೊಳಗೆ ರೆಕ್ಕೆಯನ್ನೊಯ್ದು ಇಟ್ಟರು. ಮೊದಲ ದಿನದ ಬ್ಯಾರನ್ ಒಣಗಿಸುವುದಿಲ್ಲ, ಎಲೆಯ ಬೆವರಿನಲ್ಲೇ ಬೇಯಿಸುತ್ತದೆ. ಊರಿಗೆ ಆ ಪಾಠ ಹೇಳಿದವರೇ ಅವರು. ಲಜ್ಜೆಯೆಂಬುದು ವಿವೇಕದ ಕಣ್ಣನ್ನೇ ಕಟ್ಟಿತ್ತು.

ಬೆಳಗ್ಗೆ ರೆಕ್ಕೆ ಬಾಡಿದ ಬಾಳೆಲೆಯಂತೆ ತಿರುಚಿಕೊಂಡಿತ್ತು.

ರೂಪಶ್ರೀ ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದಳು. “ಮಧ್ಯಾಹ್ನದೊಳಗೆ ಸ್ಪರ್ಧೆಗೆ ಮೈಸೂರಲ್ಲಿರ್ಬೇಕು. ಇಡ್ಲಿ ಪಾತ್ರೆ ಒಲೆ ಮೇಲಿಡಿ, ದೊಡ್ಡಪ್ಪ. ಹಬೆ ಹಿಡಿಸಿ ಎದುರು ದಿಕ್ಕಿಗೆ ತಿರುಚ್ಬೇಕು. ಆರೋವರೆಗೂ ಕೈ ಬಿಡಂಗಿಲ್ಲ.”

ಹಬೆಯುಂಡ ರೆಕ್ಕೆಯ ತುದಿಗಳನ್ನು ಎರಡು ಕೈಯಲ್ಲೂ ಹಿಡಿದು ಅವರು ಜಗಲಿಯಲ್ಲಿ ಕುಳಿತರು. ಅದು ಮೆಲ್ಲಗೆ ನೇರವಾಗತೊಡಗಿತು. ಅಷ್ಟರಲ್ಲಿ, ನಿನ್ನೆ ಎಲ್ಲವನ್ನೂ ಕಂಡಿದ್ದ ನೆರೆಮನೆಯ ಮಹೇಶ್ಕುಮಾರ್ ಬಂದ.

“ಏನಣ್ಣಾ, ಮಂಗಳಾರತಿ ತಟ್ಟೆ ಹಿಡ್ದಂಗೆ ಕುಂತಿದ್ದೀರಿ?”

“ನಿನ್ನೆ ಗಾಳಿ ಜಾಸ್ತಿಯಿತ್ತಲ್ಲ ಮಾವ, ಅದ್ಕೇ ಬಿತ್ತು,” ಎಂದಳು ರೂಪಶ್ರೀ.

ತಮ್ಮ ಮಾನ ಕಾಯಲು ಮಗು ಸುಳ್ಳಾಡಿದ್ದು ಅವರ ಎದೆಗೆ ಬರೆಯೆಳೆದಂತಾಯಿತು.

“ಗಾಳಿಯೂ ಇರ್ಲಿಲ್ಲ, ಯಂತ್ರನೂ ಸರಿಯಾಗೇ ಇತ್ತು ಕಣಯ್ಯ. ಬೀಳಿಸ್ದೋನು ನಾನು. ಬ್ಯಾರನ್ನಿಗಿಟ್ಟು ಕೆಡಿಸ್ದೋನೂ ನಾನೇ.”

“ಬೀಳಿಸಿದ್ದು ಊರಿಗೇ ಗೊತ್ತು, ಬುಡಿ ಅಣ್ಣಾ,” ಎಂದ ಮಹೇಶ್ಕುಮಾರ್. ಆಮೇಲೆ ಹುಬ್ಬೇರಿಸಿದ. “ಬ್ಯಾರನ್ನಿಗಿಟ್ರಾ? ನೀವು? ಮೊದಲ್ನೇ ದಿನದ್ದಕ್ಕಾ?”

ಮುಖ ಮುಚ್ಚಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ತಲೆಯನ್ನಷ್ಟೇ ತಗ್ಗಿಸಿದರು.

“ಅಲ್ಲಾಡ್ಬೇಡಿ ದೊಡ್ಡಪ್ಪ,” ಎಂದಳು ರೂಪಶ್ರೀ. “ಇನ್ನೂ ಆರಿಲ್ಲ.”